ತಾನೇ ಎಳೆದುಕೊಂಡ ದಡ

ಸ್ವಯಂಸೇವೆ ಎಂಬ ಮಾತಿನಲ್ಲಿ ಒಂದರೊಡನೊಂದು ಸುಲಭವಾಗಿ ಹೊಂದದ ಎರಡು ಪದಗಳು ಕೂಡಿಕೊಂಡಿವೆ. ಸೇವೆಯೆಂದರೆ ಇನ್ನೊಬ್ಬರ ಇಚ್ಛೆಗೆ ಒಳಪಟ್ಟು ದುಡಿಯುವುದು. ಮನುಸ್ಮೃತಿಯ ನಾಲ್ಕನೆಯ ಅಧ್ಯಾಯ ಅದನ್ನು ನಾಯಿಯ ಬಾಳೆಂದು ಹೀಗಳೆದು, ಬ್ರಾಹ್ಮಣನು ಅದರಿಂದ ಹೊಟ್ಟೆ ಹೊರೆಯಬಾರದೆಂದು ವಿಧಿಸುತ್ತದೆ. ಸ್ವಯಂ ಎಂಬುದು ಇದಕ್ಕೆ ತೀರ ಎದುರಾದ ಪದ, ಏಕೆಂದರೆ ಅದು ತನ್ನ ಇಚ್ಛೆಯನ್ನಲ್ಲದೆ ಬೇರಾವುದನ್ನೂ ಸೂಚಿಸುವುದಿಲ್ಲ. ಹೀಗಾಗಿ ಸ್ವಯಂಸೇವಕನೆಂದರೆ ಇತರರ ಇಚ್ಛೆಗೆ ಒಳಪಡುವುದನ್ನೇ ತನ್ನ ಇಚ್ಛೆಯಾಗಿ ಆರಿಸಿಕೊಂಡವನು. 1923ರಲ್ಲಿ ನಾ.ಸು. ಹರ್ಡೀಕರರು ಕಟ್ಟಿದ ಹಿಂದೂಸ್ತಾನಿ ಸೇವಾದಳ ಮತ್ತು ಅದರ ಸುತ್ತ ಬೆಳೆದ ರಾಷ್ಟ್ರೀಯ ಚಳವಳಿ ಈ ಪದಕ್ಕೆ ಕನ್ನಡನಾಡಿನಲ್ಲಿ ಗೌರವವನ್ನು ತಂದುಕೊಟ್ಟವು. ಆದರೆ ಪದದೊಳಗಿನ ಬಿಕ್ಕಟ್ಟು ಅದರಿಂದ ಬಗೆಹರಿಯಲಿಲ್ಲ. ತಾನಾಗಿ ಬಂದವನು ತಾನಾಗಿ ಹೊರಟುಹೋಗಲೂ ಬಲ್ಲನಾದ್ದರಿಂದ, ಹೋಗಲಾರದ ಜನರ ನಡುವೆ ಅವನು ನಡೆಸುವ ದಿನಚರಿ ನಿಜವಾದ ಸಹವಾಸವೋ ಅಥವಾ ಕೆಲವು ದಿನಗಳ ಅತಿಥಿತನವೋ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಈ ಪ್ರಶ್ನೆ ಅತ್ಯಂತ ಸ್ಪಷ್ಟವಾಗಿ ಕಾಣಿಸಿಕೊಳ್ಳುವುದು ಉಷ್ಣವಲಯದ ದ್ವೀಪಗಳಲ್ಲಿ. ಬ್ರಿಟನ್ನಿನಲ್ಲಿ 1958ರಲ್ಲಿ ಆರಂಭವಾದ ವಿ.ಎಸ್.ಒ. ಮತ್ತು ಅಮೆರಿಕದಲ್ಲಿ 1961ರಲ್ಲಿ ಸ್ಥಾಪಿತವಾದ ಪೀಸ್ ಕೋರ್ ಎಂಬ ಸಂಸ್ಥೆಗಳು ತರುಣ ತರುಣಿಯರನ್ನು ದೂರದ ದೇಶಗಳಿಗೆ ಕಳಿಸತೊಡಗಿದವು. 1960ರ ದಶಕ ಮುಗಿಯುವುದರೊಳಗೆ ಶಾಂತಸಾಗರದ ಫಿಜಿ, ಸಮೋವಾ, ಟೋಂಗಾಗಳಲ್ಲಿಯೂ ಪೀಸ್ ಕೋರ್‌ನವರು ನೆಲೆಸಿದ್ದರು. ತರಬೇತಿಯೂ ಸೇರಿ ಸುಮಾರು 27 ತಿಂಗಳ ಅವಧಿ, ಮೊದಲ ಕೆಲವು ವಾರ ಸ್ಥಳೀಯ ಕುಟುಂಬವೊಂದರ ಮನೆಯಲ್ಲಿ ವಾಸ, ನೆರೆಹೊರೆಯವರಂತೆಯೇ ಬದುಕಬೇಕೆಂಬ ನಿಯಮ: ಇದು ಅದರ ಚೌಕಟ್ಟು. ಅಲ್ಲಿ ಹೋದವರಿಗೆ ಮೊದಲು ಎದುರಾಗುವುದು ಶಾಲೆಯ ಪಾಠವಾಗಲಿ ಆಸ್ಪತ್ರೆಯ ಕೆಲಸವಾಗಲಿ ಅಲ್ಲ. ಮಳೆನೀರಿನ ತೊಟ್ಟಿ, ಕೆಸುವಿನ ಗೆಡ್ಡೆ ಮತ್ತು ದೀವಿಹಲಸಿನ ಊಟ, ಒಣಗದ ಬಟ್ಟೆ, ಸೊಳ್ಳೆ, ಯಾವಾಗಲೋ ಒಮ್ಮೆ ಬರುವ ದೋಣಿ. ಟೋಂಗಾದಲ್ಲಿ ಭಾನುವಾರ ಪವಿತ್ರವೆಂದು ರಾಜ್ಯಾಂಗವೇ ಸಾರುವುದರಿಂದ ಕೆಲಸದ ಉತ್ಸಾಹದಿಂದ ಬಂದವನು ಆ ದಿನ ಸುಮ್ಮನಿರುವುದನ್ನೂ ಕಲಿಯಬೇಕಾಗುತ್ತದೆ. ಇವನ್ನೆಲ್ಲ ಸೇವೆಗೆ ಮುಂಚಿನ ಸಿದ್ಧತೆಯೆಂದು, ಒಮ್ಮೆ ದಾಟಿದರೆ ಮುಗಿಯುವ ತೊಡಕುಗಳೆಂದು ಎಣಿಸುವುದು ವಾಡಿಕೆ. ಈ ಎಣಿಕೆಯೇ ತಪ್ಪು, ಸೇವೆ ನಡೆಯುವುದು ಈ ತೊಡಕುಗಳೊಳಗೇ ಎಂಬುದು ಈ ಬರಹದ ವಾದ. ಅದಕ್ಕೆ ಬೇಕಾದ ಪರಿಭಾಷೆ ಸಾವಿರ ವರ್ಷಗಳಿಗೂ ಹಿಂದೆಯೇ ಕಡೂರು ಸೀಮೆಯಲ್ಲಿ ಬಾಳಿಕೊಂಡಿತ್ತು.

ಬಿ.ಎಲ್. ರೈಸರ ಎಪಿಗ್ರಾಫಿಯಾ ಕರ್ನಾಟಿಕ ಗ್ರಂಥಮಾಲೆಯ ಆರನೆಯ ಸಂಪುಟವು ಇಂದಿನ ಚಿಕ್ಕಮಗಳೂರು ಜಿಲ್ಲೆ ಇನ್ನೂ ಕಡೂರು ಜಿಲ್ಲೆಯೆಂದು ಕರೆಯಿಸಿಕೊಳ್ಳುತ್ತಿದ್ದಾಗ ಪ್ರಕಟವಾದುದು. ಅದರಲ್ಲಿ ಸೇರಿರುವ ಕಡೂರಿನ ಶಾಸನವೊಂದು ಗಂಗ ಅರಸು ಬೂತುಗನ ಅಕ್ಕ ಪಾಂಬಬ್ಬೆಯ ಸ್ಮಾರಕವಾಗಿದೆ. ಅರಸುಮನೆತನದ ಆಕೆ ತಲೆಗೂದಲನ್ನು ಕಿತ್ತುಕೊಂಡು, ಅಂದರೆ ಕೇಶಲುಂಚನ ಮಾಡಿಕೊಂಡು, 30 ವರ್ಷ ತಪಸ್ಸು ನಡೆಸಿ, ಐದು ವ್ರತಗಳನ್ನು ಪಾಲಿಸುತ್ತ ಕ್ರಿ.ಶ. 971ರಲ್ಲಿ ದೇಹ ಬಿಟ್ಟಳೆಂದು ಅದು ತಿಳಿಸುತ್ತದೆ. ಹಳಗನ್ನಡದಲ್ಲಿ ಇಂಥ ಜೈನ ಸನ್ಯಾಸಿನಿಯನ್ನು ಕಂತಿ ಎನ್ನುತ್ತಿದ್ದರು. ಲೆಕ್ಕ ಹಿಡಿದು ನೋಡಿದರೆ ಆಕೆ ಮನೆ ಬಿಟ್ಟದ್ದು ಪಂಪನು ಆದಿಪುರಾಣವನ್ನು ರಚಿಸಿದ 941ರ ಆಸುಪಾಸಿನಲ್ಲಿ. ಅರಮನೆಯಲ್ಲಿ ಕುಣಿಯುತ್ತಿದ್ದ ದೇವನರ್ತಕಿಯ ಹಠಾತ್ ಸಾವನ್ನು ಕಂಡು ಅರಸನೊಬ್ಬ ವಿರಕ್ತನಾಗುವ ಕಥೆ ಕನ್ನಡದಲ್ಲಿ ಕಾವ್ಯವಾಗುತ್ತಿದ್ದ ಕಾಲಕ್ಕೇ ಅರಸುಮನೆಯ ಹೆಂಗಸೊಬ್ಬಳು ವಿರಕ್ತಿಯನ್ನು ದಿನನಿತ್ಯದ ಬಾಳಾಗಿ ಆಯ್ದುಕೊಂಡಿದ್ದಳು. ಕಾವ್ಯದಲ್ಲಿ ವೈರಾಗ್ಯ ಒಂದು ಕ್ಷಣದಲ್ಲಿ ಹುಟ್ಟುತ್ತದೆ. ಶಾಸನದಲ್ಲಿ ಅದು 30 ವರ್ಷಗಳ ಬೆಳಗು ಬೈಗುಗಳಾಗಿ ಹರಡಿಕೊಂಡಿದೆ, ಮತ್ತು ತಾತ್ತ್ವಿಕವಾಗಿ ಈ ಎರಡನೆಯದೇ ಹೆಚ್ಚು ಕಠಿಣವಾದುದು.

ಆ ಬೆಳಗು ಬೈಗುಗಳ ಆಕಾರವನ್ನು ಜೈನರ ಆಚಾರಗ್ರಂಥಗಳು ಎಳೆಎಳೆಯಾಗಿ ವಿವರಿಸಿವೆ. ವಟ್ಟಕೇರನ ಮೂಲಾಚಾರವೇ ಮೊದಲಾದ ಗ್ರಂಥಗಳು ಮಹಾವ್ರತಗಳೆಂಬ ಆ ಐದು ವ್ರತಗಳ ಜತೆಗೆ ಐದು ಸಮಿತಿಗಳನ್ನು ಹೇಳುತ್ತವೆ. ಸಮಿತಿಯೆಂದರೆ ಇಲ್ಲಿ ಸಭೆಯಲ್ಲ, ನಡವಳಿಕೆಯಲ್ಲಿನ ಎಚ್ಚರ. ಈರ್ಯಾಸಮಿತಿ ಹೇಗೆ ನಡೆಯಬೇಕೆಂಬುದನ್ನು, ಭಾಷಾಸಮಿತಿ ಹೇಗೆ ಮಾತಾಡಬೇಕೆಂಬುದನ್ನು, ಏಷಣಾಸಮಿತಿ ಅನ್ನವನ್ನು ಹೇಗೆ ಪಡೆಯಬೇಕೆಂಬುದನ್ನು, ಆದಾನನಿಕ್ಷೇಪಣಾಸಮಿತಿ ವಸ್ತುವನ್ನು ಹೇಗೆ ಎತ್ತಿ ಹೇಗೆ ಇಡಬೇಕೆಂಬುದನ್ನು, ಉತ್ಸರ್ಗಸಮಿತಿ ಮಲಮೂತ್ರಗಳನ್ನು ಎಲ್ಲಿ ವಿಸರ್ಜಿಸಬೇಕೆಂಬುದನ್ನು ನಿಯಮಿಸುತ್ತವೆ. ಮೋಕ್ಷವನ್ನು ಕುರಿತ ಶಾಸ್ತ್ರವು ಕಾಲಿಡುವ ನೆಲ, ಉಣ್ಣುವ ತುತ್ತು, ಬಯಲಿಗೆ ಹೋಗುವ ಜಾಗ ಇವುಗಳ ವರೆಗೆ ಇಳಿದು ಬಂದಿರುವುದು ಮೊದಲ ನೋಟಕ್ಕೆ ಅತಿಯೆನ್ನಿಸಬಹುದು. ಆದರೆ ಪರನೆಲದಲ್ಲಿ ನೆಲೆಸಲು ಹೋದ ಯಾವನೇ ಸ್ವಯಂಸೇವಕನ ಮೊದಲ ತಿಂಗಳ ಸಂಗತಿಗಳನ್ನು ಪಟ್ಟಿ ಮಾಡಿದರೆ ಬರುವವೂ ಇವೇ ಐದು: ಇಲ್ಲಿ ಯಾರ ಅಂಗಳವನ್ನು ಹಾದು ನಡೆಯಬಹುದು, ಹಿರಿಯರೊಡನೆ ಯಾವ ದನಿಯಲ್ಲಿ ಮಾತಾಡಬೇಕು, ಬಡಿಸಿದ್ದನ್ನು ಹೇಗೆ ಸ್ವೀಕರಿಸಬೇಕು, ಯಾರ ಕೊಡವನ್ನು ಮುಟ್ಟಬಹುದು, ಶೌಚಕ್ಕೆ ಎತ್ತ ಹೋಗಬೇಕು. ಇವುಗಳಲ್ಲಿ ತಪ್ಪಿದವನು ಎಷ್ಟೇ ದೊಡ್ಡ ಯೋಜನೆಯನ್ನು ಹೊತ್ತು ಬಂದಿದ್ದರೂ ಆ ಊರಿಗೆ ಹಿಂಸೆಯನ್ನೇ ಮಾಡಿರುತ್ತಾನೆ. ಸಮಿತಿಗಳು ಅಹಿಂಸೆಯ ಅಂಗಗಳೆಂದು ಪರಂಪರೆ ಎಣಿಸಿರುವುದಕ್ಕೆ ಕಾರಣ ಇದೇ. ಕಾಲಡಿಯ ಇರುವೆಯನ್ನು ಕಾಪಾಡುವ ಎಚ್ಚರವೂ ಆತಿಥೇಯರ ಮಾನವನ್ನು ಕಾಪಾಡುವ ಎಚ್ಚರವೂ ಬೇರೆಬೇರೆ ಗುಣಗಳಲ್ಲ.

ಸಮಿತಿಗಳು ಮಾಡಬೇಕಾದುದನ್ನು ಹೇಳಿದರೆ ಪರೀಷಹಗಳು ತಾಳಿಕೊಳ್ಳಬೇಕಾದುದನ್ನು ಹೇಳುತ್ತವೆ. ಹಿಡಿದ ದಾರಿಯಿಂದ ಜಾರದಿರಲು ಮತ್ತು ಕಟ್ಟಿಕೊಂಡ ಕರ್ಮ ಕಳಚಿಹೋಗಲು ಸಹಿಸಬೇಕಾದ ಕಷ್ಟಗಳಿಗೆ ಪರೀಷಹಗಳೆಂದು ಹೆಸರು. ಉಮಾಸ್ವಾತಿಯ ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯ ಅಂಥ 22ನ್ನು ಎಣಿಸುತ್ತದೆ. ಹಸಿವು, ಬಾಯಾರಿಕೆ, ಚಳಿ, ಸೆಕೆ ಇವುಗಳ ಬೆನ್ನಿಗೇ ದಂಶಮಶಕ, ಅಂದರೆ ನೊಣ ಸೊಳ್ಳೆಗಳ ಕಡಿತ, ಬರುತ್ತದೆ. ಮುಂದೆ ಅರತಿ, ಅಂದರೆ ಇರುವ ಜಾಗದಲ್ಲಿ ಮನಸ್ಸು ನಿಲ್ಲದಿರುವ ಬೇಸರ. ಹಾಸಿಗೆಯ ಕಷ್ಟ, ಬೈಗುಳ, ಬೇಡುವುದು, ಬೇಡಿದರೂ ಸಿಗದಿರುವುದು, ರೋಗ, ಮೈಕೊಳೆ. ಇಷ್ಟರ ವರೆಗೆ ಯಾವ ದ್ವೀಪವಾಸಿಯ ದಿನಚರಿಯಲ್ಲಾದರೂ ದೊರೆಯಬಹುದಾದ ಸಾಲೇ ಇದು. ಸೂತ್ರಕಾರನ ನಿಜವಾದ ಒಳನೋಟ ಕಾಣುವುದು ಪಟ್ಟಿಯ ಕೊನೆಯ ಭಾಗದಲ್ಲಿ. ಅಲ್ಲಿ ಸತ್ಕಾರಪುರಸ್ಕಾರ, ಪ್ರಜ್ಞೆ, ಅಜ್ಞಾನ ಎಂಬವೂ ಪರೀಷಹಗಳಾಗಿಯೇ ನಿಂತಿವೆ. ಮರ್ಯಾದೆ ಸಿಗುವುದೂ ಸಿಗದಿರುವುದೂ ಸೊಳ್ಳೆ ಕಡಿತದಂತೆಯೇ ಒಂದು ಉಪದ್ರವ. ತಾನು ಬಲ್ಲೆನೆಂಬ ಹೆಮ್ಮೆಯೂ ತನಗೇನೂ ತಿಳಿಯದೆಂಬ ಕುಗ್ಗೂ ಹಾಗೆಯೇ.

ಪರೀಷಹಗಳ ಈ ಜೋಡಣೆಯ ಮುಂದೆ ಸ್ವಯಂಸೇವಕನ ಬಾಳನ್ನು ಇಟ್ಟು ನೋಡಿದರೆ ಹಲವು ವಿಷಯ ಬೆಳಕಿಗೆ ಬರುತ್ತವೆ. ದೂರದಿಂದ ಬಂದವನಿಗೆ ಊರು ಮೊದಲ ಮಣೆ ಹಾಕುತ್ತದೆ, ಮನೆಯ ಮಕ್ಕಳಿಗಿಂತ ಮೊದಲು ಬಡಿಸುತ್ತದೆ, ಅವನ ಹರಕು ಮುರುಕು ಭಾಷೆಯನ್ನೂ ಹೊಗಳುತ್ತದೆ. ಸೆಕೆಯನ್ನೂ ಸೊಳ್ಳೆಯನ್ನೂ ದೇಹ ಕೆಲವು ತಿಂಗಳುಗಳಲ್ಲಿ ಒಪ್ಪಿಕೊಂಡುಬಿಡುತ್ತದೆ. ಆದರೆ ಸತ್ಕಾರ ಎಷ್ಟು ಬಳಕೆಯಾದರೂ ಕಷ್ಟವೆನ್ನಿಸದ ಕಾರಣದಿಂದಲೇ ಅದು ಗಮನಕ್ಕೆ ಬಾರದೆ ಒಳಗಿಳಿಯುತ್ತದೆ. ಪ್ರಜ್ಞಾಪರೀಷಹ ಇನ್ನೂ ಸೂಕ್ಷ್ಮವಾದುದು. ತಾನು ಕಲಿಸಲು ಬಂದವನೆಂಬ ಎಣಿಕೆ ಇರುವ ತನಕ ಮೀನಿನ ಬಲೆ ನೇಯುವ ಮುದುಕಿಯಾಗಲಿ ಮೋಡ ನೋಡಿ ಮಳೆ ಹೇಳುವ ರೈತನಾಗಲಿ ಅವನಿಗೆ ಗುರುವಾಗುವುದು ಸಾಧ್ಯವಿಲ್ಲ. ಇವೆರಡನ್ನೂ ಸೊಳ್ಳೆಯ ಸಾಲಿನಲ್ಲೇ ಕೂರಿಸಿದ ಜೈನಚಿಂತನೆಯ ದಿಟ್ಟತನ ದೊಡ್ಡದು. ಸೇವೆಯ ನೀತಿಯನ್ನು ಕುರಿತ ಇಂದಿನ ಬರಹಗಳಲ್ಲಿ ಇದಕ್ಕೆ ಸಮನಾದ ನಿಖರತೆ ಅಪರೂಪ.

ಬೇಡುವುದು ಪರೀಷಹವಾದದ್ದು ಏಕೆಂಬುದನ್ನೂ ಇಲ್ಲಿ ನಿಧಾನವಾಗಿ ನೋಡಬೇಕು. ದಿನಕ್ಕೊಂದು ಹೊತ್ತಿನ ಆಹಾರವನ್ನು ಶ್ರಾವಕರ, ಅಂದರೆ ಗೃಹಸ್ಥ ಜೈನರ, ಕೈಯಿಂದ ತನ್ನ ಅಂಗೈಗೆ ಪಡೆಯುವ ಪಾಂಬಬ್ಬೆಯಂಥ ಕಂತಿಯು ಒಂದು ಕಾಲಕ್ಕೆ ನೂರಾರು ಜನಕ್ಕೆ ಉಣಿಸುತ್ತಿದ್ದ ಮನೆತನದವಳು. ಕೊಡುವ ಕೈ ಪಡೆಯುವ ಕೈಯಾದದ್ದೇ ಆಕೆಯ ತಪಸ್ಸಿನ ತಿರುಳೆಂದರೆ ತಪ್ಪಾಗದು. ಮುಂದಿನ ಶತಮಾನಗಳಲ್ಲಿ ಕಡೂರಿನ ಇದೇ ಬಯಲುಸೀಮೆಯ ಊರೂರುಗಳಲ್ಲಿ ಬೇರೂರಿದ ವೀರಶೈವ ಧರ್ಮವು ಈ ತಿರುವುಮುರುವನ್ನು ಬೇರೊಂದು ದಾರಿಯಿಂದ ಸಾಧಿಸಿತು. ಅದರ ಪಂಚಾಚಾರಗಳಲ್ಲಿ ಭೃತ್ಯಾಚಾರ ಒಂದು. ಎಲ್ಲ ಶರಣರಿಗೂ ತಾನು ಆಳೆಂದು ಬಗೆದು ನಡೆಯುವುದೇ ಆ ಆಚಾರ. ಮನುಸ್ಮೃತಿ ಹೀಗಳೆದ ಸೇವೆಯನ್ನೇ ಅದು ಆಚಾರದ ಪದವಿಗೆ ಏರಿಸಿತು. ಒಂದೆಡೆ ನೆಲೆನಿಲ್ಲದೆ ಸಂಚರಿಸುವ ಜಂಗಮನು ಮನೆಮನೆಯ ಭಿಕ್ಷೆಯನ್ನು ಕೂಡಿಸಿ ಉಣ್ಣುವಾಗ ಕೊಟ್ಟವರೇ ಧನ್ಯರೆಂಬ ಭಾವ ದಾಸೋಹದ ತತ್ತ್ವದಲ್ಲಿ ಅಡಗಿದೆ. ಇಷ್ಟನ್ನು ಒಪ್ಪಿದರೆ ಸ್ವಯಂಸೇವಕನು ಆತಿಥೇಯ ಕುಟುಂಬದ ಮನೆಯಲ್ಲಿ ಕಳೆಯುವ ಆ ಮೊದಲ ವಾರಗಳನ್ನು ತರಬೇತಿಯೆಂದು ಕರೆಯುವುದು ಅವಕ್ಕೆ ಮಾಡುವ ಅನ್ಯಾಯ. ಪಡೆಯಲು ಬಾರದವನ ಕೊಡುಗೆಯಲ್ಲಿ ಯಾವಾಗಲೂ ಒಂದು ಮೇಲರಿಮೆ ಉಳಿದುಬಿಡುತ್ತದೆ.

ಇನ್ನು ಹೊರಟುಹೋಗುವ ಸ್ವಾತಂತ್ರ್ಯದ ಪ್ರಶ್ನೆ. ಫಿಜಿ ದ್ವೀಪಗಳ ಚರಿತ್ರೆಯಲ್ಲಿ ಇದರ ಎರಡೂ ಮುಖಗಳು ಒಟ್ಟಿಗೆ ಕಾಣಸಿಗುತ್ತವೆ. 1879ರಿಂದ 1916ರ ವರೆಗೆ ಭಾರತದಿಂದ 60,000ಕ್ಕೂ ಹೆಚ್ಚು ಜನರನ್ನು ಕಬ್ಬಿನ ತೋಟಗಳಿಗಾಗಿ ಅಲ್ಲಿಗೆ ಸಾಗಿಸಲಾಯಿತು. ಐದು ವರ್ಷದ ಕರಾರಿಗೆ ಹೆಬ್ಬೆಟ್ಟು ಒತ್ತಿದವರು ಆ ಕರಾರನ್ನು ಗಿರ್ಮಿಟ್ ಎಂದು ತಮ್ಮ ನಾಲಗೆಗೆ ಒಗ್ಗಿಸಿಕೊಂಡರು; ಅವರಲ್ಲಿ ಬಹುಮಂದಿ ಮರಳಿ ಬರಲಿಲ್ಲ. 1915ರಲ್ಲಿ ಸಿ.ಎಫ್. ಆಂಡ್ರೂಸ್ ಮತ್ತು ಡಬ್ಲ್ಯು.ಡಬ್ಲ್ಯು. ಪಿಯರ್ಸನ್ ತಾವಾಗಿಯೇ ಅಲ್ಲಿಗೆ ಹೋಗಿ ಕೂಲಿಲೈನುಗಳ ಸ್ಥಿತಿಯನ್ನು ಕಂಡು ಲೋಕಕ್ಕೆ ತಿಳಿಸಿದರು, ಮತ್ತು ಆ ಪದ್ಧತಿಯನ್ನು ಕೊನೆಗಾಣಿಸುವುದರಲ್ಲಿ ಅವರ ವರದಿಗೆ ದೊಡ್ಡ ಪಾಲಿದೆ. ಅದೇ ಮಣ್ಣು, ಅದೇ ಸೆಕೆ. ಒಬ್ಬನಿಗೆ ಹಿಂದಿರುಗುವ ಹಡಗು ಇತ್ತು, ಇನ್ನೊಬ್ಬನಿಗೆ ಇರಲಿಲ್ಲ. ಆಂಡ್ರೂಸರ ಕೆಲಸ ಫಲಿಸಿದ್ದು ಅವರು ಹಿಂದಿರುಗಬಲ್ಲವರಾಗಿದ್ದುದರಿಂದಲೇ ಎಂಬುದನ್ನು ಮರೆಯಬಾರದು.

ಇದಕ್ಕೆ ಪ್ರತಿಯಾಗಿ ಹವಾಯಿಯ ಮೊಲೊಕಾಯಿ ದ್ವೀಪದ ಉದಾಹರಣೆಯನ್ನು ಮುಂದಿಡುವವರಿದ್ದಾರೆ. ಕುಷ್ಠರೋಗಿಗಳನ್ನು ಬಲವಂತವಾಗಿ ದೂಡಿದ್ದ ಆ ನೆಲಕ್ಕೆ 1873ರಲ್ಲಿ ಬೆಲ್ಜಿಯಂ ಮೂಲದ ಪಾದ್ರಿ ದಾಮಿಯನ್ ತಾನಾಗಿ ಹೋದರು. ರೋಗಿಗಳೊಡನೆ ಒಂದೇ ಪಾತ್ರೆಯಲ್ಲಿ ಉಂಡರು, ಅವರ ಹುಣ್ಣು ತೊಳೆದರು, ಅವರಿಗೆ ಶವಪೆಟ್ಟಿಗೆ ಮಾಡಿಕೊಟ್ಟರು. ರೋಗ ತಗಲುವ ಮೊದಲೇ ಪ್ರವಚನದಲ್ಲಿ ತನ್ನನ್ನೂ ರೋಗಿಗಳಲ್ಲಿ ಒಬ್ಬನಾಗಿ ಸೇರಿಸಿ ಮಾತಾಡುತ್ತಿದ್ದರು. ಕೊನೆಗೆ ಅದೇ ರೋಗದಿಂದ 1889ರಲ್ಲಿ ತೀರಿಕೊಂಡರು. ಹೊರಹೋಗುವ ಬಾಗಿಲು ಮುಚ್ಚಿದಾಗಲೇ ಸಹವಾಸ ಪೂರ್ಣವಾಗುವುದೆಂದು ಈ ಕಥೆಯಿಂದ ತೀರ್ಮಾನಿಸುವುದು ಸುಲಭ. ಆದರೆ ದಾಮಿಯನ್ನರ ಬಾಗಿಲನ್ನು ಮುಚ್ಚಿದ್ದು ರೋಗವಲ್ಲ. ಅದಕ್ಕೆ ಎಷ್ಟೋ ವರ್ಷ ಮುಂಚೆ ಅವರೇ ಅದನ್ನು ಮುಚ್ಚಿಕೊಂಡಿದ್ದರು.

ಹಾಗೆ ತಾನೇ ಮುಚ್ಚಿಕೊಳ್ಳುವ ಕ್ರಿಯೆಗೆ ಭಾರತೀಯ ಪರಂಪರೆಯಲ್ಲಿ ವ್ರತವೆಂದು ಹೆಸರು, ಮತ್ತು ಅದರ ಅವಧಿಯ ಬಗ್ಗೆ ಸಮಂತಭದ್ರನ ರತ್ನಕರಂಡಕ ಶ್ರಾವಕಾಚಾರ ಮಾಡುವ ವಿಂಗಡಣೆ ಇಲ್ಲಿ ಬಹಳ ಉಪಯುಕ್ತ. ಆ ಗ್ರಂಥದ ಪ್ರಕಾರ ಬದುಕಿರುವ ತನಕ ಹಿಡಿದುದು ಯಮ. ಇಂತಿಷ್ಟು ಕಾಲಕ್ಕೆಂದು ಹಿಡಿದುದು ನಿಯಮ. ಪಾಂಬಬ್ಬೆಯದು ಯಮ, 27 ತಿಂಗಳಿಗೆಂದು ಹೋದವನದು ನಿಯಮ. ಶಾಸ್ತ್ರಕಾರನು ಎರಡನೆಯದನ್ನು ಕಪಟವೆಂದೋ ಅರೆಮನಸ್ಸೆಂದೋ ಕರೆಯದೆ ಗೃಹಸ್ಥನ ಧರ್ಮದಲ್ಲಿ ಅದಕ್ಕೆ ಸ್ಥಾನ ಕೊಟ್ಟಿದ್ದಾನೆ. ಅವಧಿಯುಳ್ಳ ಸೇವೆಯನ್ನು ಅವಧಿಯಿದೆಯೆಂಬ ಒಂದೇ ಕಾರಣಕ್ಕೆ ಹಳಿಯುವವರು ಈ ವಿವೇಕವನ್ನು ಗಮನಿಸಬೇಕು.

ಕಾಲಕ್ಕೆ ಮಾತ್ರವಲ್ಲ, ನೆಲಕ್ಕೂ ಎಲ್ಲೆ ಹಾಕಿಕೊಳ್ಳುವ ವ್ರತವೊಂದಿದೆ. ಗೃಹಸ್ಥನು ಇಂತಿಷ್ಟು ಕಾಲ ಈ ಮನೆ, ಈ ಊರು, ಈ ಹೊಲ, ಈ ನದಿ, ಈ ಕಾಡು ಇವುಗಳಿಂದಾಚೆ ಹೋಗುವುದಿಲ್ಲವೆಂದು ಗೆರೆ ಎಳೆದುಕೊಳ್ಳುವುದೇ ದೇಶಾವಕಾಶಿಕ ವ್ರತ. ಸಮುದ್ರವು ದ್ವೀಪವಾಸಿಗೆ ಏನನ್ನು ಮಾಡುವುದೋ ಅದನ್ನು ಈ ವ್ರತವು ನಡುನಾಡಿನಲ್ಲಿ ಬಾಳುವವನಿಗೆ ಮಾಡುತ್ತದೆ. ಬಾಬಾಬುಡನ್‌ಗಿರಿಯ ಮಳೆನೆರಳಿನಲ್ಲಿ, ಕಡಲನ್ನೇ ಕಾಣದ ಕಡೂರಿನಲ್ಲಿ, ಒಬ್ಬನು ತನ್ನ ಸುತ್ತ ತಾನೇ ಒಂದು ದಡವನ್ನು ಎಳೆದುಕೊಳ್ಳಬಹುದು. ದ್ವೀಪವನ್ನು ಆಸರೆಯ ರೂಪಕವಾಗಿ ಶ್ರಮಣಪರಂಪರೆಗಳು ಬಹಳ ಹಿಂದೆಯೇ ಬಳಸಿವೆ. ಬುದ್ಧನು ಕೊನೆಯ ದಿನಗಳಲ್ಲಿ ಶಿಷ್ಯರಿಗೆ ತಮಗೆ ತಾವೇ ದೀಪವಾಗಿರಿ ಎಂದನೆಂಬುದು ಜನಜನಿತ. ಆದರೆ ಪಾಲಿಯಲ್ಲಿ ದೀಪ ಎಂಬ ಪದಕ್ಕೆ ಬೆಳಕೆಂಬ ಅರ್ಥದಂತೆಯೇ ದ್ವೀಪವೆಂಬ ಅರ್ಥವೂ ಇದ್ದು, ಪ್ರಾಚೀನ ವ್ಯಾಖ್ಯಾನವು ಮಹಾಸಮುದ್ರದ ನಡುವಿನ ದ್ವೀಪವನ್ನೇ ಹಿಡಿದಿದೆ. ಶ್ವೇತಾಂಬರರ ಉತ್ತರಾಧ್ಯಯನ ಸೂತ್ರದ 23ನೆಯ ಅಧ್ಯಾಯದಲ್ಲಿ ಕೇಶಿ ಮತ್ತು ಗೌತಮರ ಸಂವಾದವೂ ಮುಪ್ಪುಸಾವುಗಳ ಪ್ರವಾಹದಲ್ಲಿ ಕೊಚ್ಚಿಹೋಗುವ ಜೀವಿಗಳಿಗೆ ಧರ್ಮವೇ ದ್ವೀಪವೆಂಬ ಮಾತನ್ನು ಒಳಗೊಂಡಿದೆ.

ದೇಶಾವಕಾಶಿಕಕ್ಕೆ ಶಾಸ್ತ್ರಗಳು ಹೇಳುವ ಅತಿಚಾರಗಳು, ಅಂದರೆ ವ್ರತವನ್ನು ಪೂರ್ತಿ ಮುರಿಯದೆ ಕೆಡಿಸುವ ನಡತೆಗಳು, ಇಂದಿನವರಿಗೆ ಇನ್ನೂ ಹತ್ತಿರವಾದವು. ಗೆರೆಯಾಚೆಯಿಂದ ವಸ್ತುಗಳನ್ನು ತರಿಸಿಕೊಳ್ಳುವುದು, ತಾನು ಹೋಗದೆ ಆಳನ್ನು ಕಳಿಸುವುದು, ಕೆಮ್ಮಿಯೋ ಕೂಗಿಯೋ ಆಚೆಯವರಿಗೆ ಸೂಚನೆ ಕೊಡುವುದು, ಅವರಿಗೆ ಕಾಣುವಂತೆ ಮುಖ ತೋರಿಸುವುದು, ಕಲ್ಲು ಮಣ್ಣಿನ ಹೆಂಟೆ ಎಸೆದು ಗಮನ ಸೆಳೆಯುವುದು: ಹೀಗೆ ಐದು. ಮೈ ಗೆರೆಯೊಳಗಿದ್ದು ಮನಸ್ಸು ಆಚೆ ಓಡಾಡುವ ಬಗೆಗಳಿವು. ಊರಿನಿಂದ ತಿಂಗಳು ತಿಂಗಳು ಬರುವ ತಿಂಡಿಯ ಪೊಟ್ಟಣ, ದಿನವೂ ರಾತ್ರಿ ಮನೆಗೆ ಮೊಬೈಲಿನಲ್ಲಿ ಮಾತು, ತಾನು ಸೇವೆ ಮಾಡುತ್ತಿರುವ ಚಿತ್ರಗಳನ್ನು ಆಚೆಯವರಿಗೆ ತೋರಿಸುವುದು, ಇವು ಸ್ವಯಂಸೇವಕನ ಬಾಳಿನಲ್ಲಿ ಈ ಐದರ ಹೊಸ ರೂಪಗಳು. ಇವನ್ನು ಪಾಪವೆನ್ನಬೇಕಾಗಿಲ್ಲ, ಶಾಸ್ತ್ರವೂ ಇವನ್ನು ವ್ರತಭಂಗದೊಡನೆ ಸಮೀಕರಿಸುವುದಿಲ್ಲ. ಇವುಗಳ ದೆಸೆಯಿಂದ ದಡ ಅಷ್ಟಿಷ್ಟೇ ಕುಸಿಯುತ್ತದೆಂದು ಮಾತ್ರ ಎಚ್ಚರಿಸುತ್ತದೆ.

ದಡ ಕುಸಿಯುವುದೂ ಏಳುವುದೂ ಈ ಸೀಮೆಯಲ್ಲಿ ಬರಿಯ ರೂಪಕವಲ್ಲ. ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ ಭದ್ರಾ ನದಿಗೆ ಅಣೆಕಟ್ಟು ಕಟ್ಟಿದಾಗ ಕಣಿವೆ ಮುಳುಗಿ ಗುಡ್ಡದ ನೆತ್ತಿಗಳು ನಡುಗಡ್ಡೆಗಳಾದವು. ಬೇಸಗೆಯಲ್ಲಿ ನೀರಿಳಿದಾಗ ಆ ನಡುಗಡ್ಡೆಗಳ ಬರಿನೆಲದಲ್ಲಿ ರೀವ ಹಕ್ಕಿಗಳು ಮೊಟ್ಟೆಯಿಟ್ಟು ಮರಿಮಾಡಿ ಮಳೆಗಾಲಕ್ಕೆ ಮುಂಚೆ ಹೊರಡುತ್ತವೆ. ಜಲಾಶಯದ ಆಸುಪಾಸಿನ ಕಾಡು 1998ರಲ್ಲಿ ಹುಲಿ ಯೋಜನೆಗೆ ಸೇರಿದ ಮೇಲೆ, ಅಭಯಾರಣ್ಯದೊಳಗಿನ ಹಳ್ಳಿಗಳ 400ಕ್ಕೂ ಹೆಚ್ಚು ಕುಟುಂಬಗಳು 2001-02ರ ಸುಮಾರಿಗೆ ಕೆಳಗೂರಿಗೂ ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಗೂ ಬಂದು ನೆಲೆಸಿದವು. ಕಾಡುಪ್ರಾಣಿಗಳಿಂದ ಬೆಳೆ ಹಾಳಾಗುವುದು, ಆಸ್ಪತ್ರೆ ಶಾಲೆಗಳ ದೂರ ಇವುಗಳಿಂದ ಬೇಸತ್ತಿದ್ದ ಬಹುಪಾಲು ಜನ ಒಪ್ಪಿ ಬಂದರಾದ್ದರಿಂದ ಇದನ್ನು ಸ್ವಇಚ್ಛೆಯ ಸ್ಥಳಾಂತರವೆಂದು ದಾಖಲಿಸಲಾಗಿದೆ. ಸ್ವಇಚ್ಛೆ ಎಂಬ ಪದ ಇಲ್ಲಿ ಬೇರೆಯೇ ಭಾರವನ್ನು ಹೊರುತ್ತದೆ. ಹೊಸ ನೆಲದ ನೀರು, ಹೊಸ ನೆರೆ, ಹೊಸ ಬೆಳೆ ಇವುಗಳಿಗೆ ಒಗ್ಗಿಕೊಳ್ಳುವುದು ಅವರಿಗೂ ಇತ್ತು. ಹಿಂದಿರುಗುವ ಹಳ್ಳಿ ಮಾತ್ರ ಇರಲಿಲ್ಲ. ಅಜ್ಜಂಪುರದ ಅಮೃತಮಹಲ್ ದನಗಳನ್ನು ಋತುವಿಗೆ ತಕ್ಕಂತೆ ಕಾವಲಿನಿಂದ ಕಾವಲಿಗೆ, ಅಂದರೆ ಮೀಸಲು ಹುಲ್ಲುಗಾವಲಿನಿಂದ ಇನ್ನೊಂದಕ್ಕೆ, ಅಟ್ಟುತ್ತಿದ್ದ ಕಾಲದಲ್ಲಿ ಅವುಗಳ ಎಲ್ಲೆಯನ್ನು ಸರಕಾರ ಗೊತ್ತುಪಡಿಸುತ್ತಿತ್ತು; ಮನುಷ್ಯನ ಎಲ್ಲೆಗಳಲ್ಲಿಯೂ ಬಹುಪಾಲು ಹೀಗೆ ಬೇರೆಯವರು ಎಳೆದವೇ. ತಾನೇ ಎಳೆದುಕೊಂಡ ಎಲ್ಲೆಯೊಳಗೆ ಬಾಳುವ ಅವಕಾಶ ಸಿಕ್ಕುವುದು ಕೆಲವರಿಗೆ, ಮತ್ತು ಸ್ವಯಂಸೇವಕನು ತನ್ನ ದಿನಚರಿಯ ಪ್ರತಿಯೊಂದು ಕಷ್ಟವನ್ನೂ ಈ ತಿಳಿವಿನೊಡನೆಯೇ ಅಳೆಯಬೇಕು.

ಅಳತೆಯ ಈ ಪ್ರಾಮಾಣಿಕತೆಗೆ ಜೈನಪರಂಪರೆಯಲ್ಲಿ ಒಂದು ವಾರ್ಷಿಕ ರೂಪವೂ ಇದೆ. ವರ್ಷದ ಉಳಿದ ಕಾಲದಲ್ಲಿ ಒಂದೆಡೆ ನಿಲ್ಲದ ಮುನಿಗಳೂ ಆರ್ಯಿಕೆಯರೂ, ಅಂದರೆ ಕಂತಿಯರೂ, ಮಳೆಗಾಲದ ನಾಲ್ಕು ತಿಂಗಳು, ನೆಲವೆಲ್ಲ ಕ್ರಿಮಿಕೀಟಗಳಿಂದ ತುಂಬಿ ಹೆಜ್ಜೆಯೇ ಹಿಂಸೆಯಾಗುವುದರಿಂದ, ಒಂದೇ ಊರಿನಲ್ಲಿ ನಿಲ್ಲುತ್ತಾರೆ, ಇದು ಚಾತುರ್ಮಾಸ. ಭದ್ರಾ ಹಿನ್ನೀರಿನ ಬದಿಯ ನರಸಿಂಹರಾಜಪುರದ ಸಿಂಹನಗದ್ದೆಯಲ್ಲಿ ಇಂದಿಗೂ ಜೈನಮಠವಿದೆ, ಮತ್ತು ಕರ್ನಾಟಕದ ಅನೇಕ ಊರುಗಳು ಈಗಲೂ ಆ ನಾಲ್ಕು ತಿಂಗಳ ಅತಿಥಿಗಳನ್ನು ಬರಮಾಡಿಕೊಳ್ಳುತ್ತವೆ. ಆ ಅವಧಿಯಲ್ಲಿ ಊರಿನ ಅಡುಗೆ, ನೀರು, ಮಾತು ಎಲ್ಲವೂ ಅವರ ನಿಯಮಕ್ಕೂ ಅವರ ನಿಯಮ ಊರಿನ ಬಾಳಿಗೂ ಹೊಂದಿಕೊಳ್ಳುತ್ತವೆ. ಅವಧಿ ಮುಗಿದ ಮೇಲೆ ವಿಹಾರ ಹೊರಡುವ ದಿನ ಶ್ರಾವಕರು ಊರ ಗಡಿಯಾಚೆಗೂ ಅವರ ಹಿಂದೆ ನಡೆದು ಹೋಗುತ್ತಾರೆ. ಒಂದು ಕಡೆ ನಿಂತು ಬೀಳ್ಕೊಂಡ ಮೇಲೆ ನವಿಲುಗರಿಯ ಪಿಂಛಿಯನ್ನೂ ಕಮಂಡಲುವನ್ನೂ ಹಿಡಿದವರು ಮುಂದಿನ ಊರಿನ ಕಡೆಗೂ, ಬಂದವರು ತಮ್ಮ ಮನೆಗಳ ಕಡೆಗೂ ತಿರುಗುತ್ತಾರೆ.